ಮೂರನೇ ಗೇರಿನ ಸದ್ದು

ಗದಗ
ಇಸವಿ ೨೩೧೭, ಹದಿಮೂರನೇ ತಿಂಗಳು, ನಾಲ್ಕನೇ ದಿನ

ಈ ವಾರ ಹೊಸ ಸ್ಪೋರ್ಟ್ಸ್ ಕಾರು ಮನೆಗೆ ತಂದವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ವರ್ಷಕ್ಕೆ ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳು. ನನ್ನ ಕನ್ನಡದಲ್ಲಿ ನಿಮಗೆ ಅಪರಿಚಿತ ಪದಗಳು ಬಂದರೆ ಕ್ಷಮಿಸಿ. ಬಂದಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ. ನಾನು ಗುರುಸಿದ್ದವ್ವ ಹಂಚಿನಾಳ, ಇಲ್ಲಿಯ ಹಳೆಯ ಯಂತ್ರಗಳ ಸಂಗ್ರಹಾಲಯದ ಮೇಲ್ವಿಚಾರಕಿ.

ನಮ್ಮ ಓಡಾಟವೆಲ್ಲ ತೇಲುಬಂಡಿಯಲ್ಲಿ. ನೆಲದಿಂದ ಒಂದು ಗೇಣು ಮೇಲೆ ಸಾಗುವ ಅದಕ್ಕೆ ಗಾಲಿಯಿಲ್ಲ, ಗೇರಿಲ್ಲ, ಸದ್ದಿಲ್ಲ. ಹಿಟ್ಟಿನ ಗಿರಣಿ, ನೀರಿನ ಪಂಪು ಕೂಡ ಹಾಗೆಯೇ. ಬೆಳಿಗ್ಗೆ ಹತ್ತಕ್ಕೆ ಪೇಟೆಯ ನಡುವೆ ನಿಂತರೆ ಕೇಳುವುದು ಜನರ ಮಾತು, ಚಪ್ಪಲಿಯ ಸಪ್ಪಳ, ಮಿರ್ಚಿ ಎಣ್ಣೆಗೆ ಬೀಳುವ ಸದ್ದು, ಇಷ್ಟೇ. ಯಂತ್ರ ಸದ್ದು ಮಾಡಿತೆಂದರೆ ಕೆಟ್ಟಿತು ಎಂದೇ ಅರ್ಥ. ಆ ಕ್ಷಣ ನಿಲ್ಲಿಸಿ, ಬಿಚ್ಚಿ, ಸದ್ದುವರದಿ ಬರೆದು ಕಳಿಸಬೇಕು. ಒಂದನೇ ತರಗತಿಯಲ್ಲೇ ಇದನ್ನು ಕಲಿಸುತ್ತಾರೆ.

ಎರಡು ವರ್ಷಗಳ ಹಿಂದೆ ಮುಂಡರಗಿ ರಸ್ತೆಯ ನೆಲಮಾಳಿಗೆಯೊಂದರಲ್ಲಿ ನಿಮ್ಮ ಕಾಲದ ಎರಡು ಸ್ಪೋರ್ಟ್ಸ್ ಕಾರು ಸಿಕ್ಕವು. ಗಾಳಿಯಾಡದ ಪೆಟ್ಟಿಗೆಗಳಲ್ಲಿದ್ದವು, ಒಂದು ಕಿಲೋಮೀಟರೂ ಓಡಿರಲಿಲ್ಲ. ಓಡಬಲ್ಲ ಗೇರುಬಂಡಿ, ಅಂದರೆ ನಿಮ್ಮ ಕಾರಿನಂಥದ್ದು, ಬೇರೆಲ್ಲೂ ಉಳಿದ ದಾಖಲೆಯಿಲ್ಲ. ಟೈರು, ಪೆಟ್ರೋಲು, ಆಯಿಲನ್ನು ನಮ್ಮ ಪ್ರಯೋಗಾಲಯದವರು ಹೊಸದಾಗಿ ಮಾಡಿಕೊಟ್ಟರು.

ಮೊದಲನೆಯ ಕಾರನ್ನು ನಾವೇ ಹಾಳುಮಾಡಿದೆವು. ಎಂಜಿನ್ ಚಾಲೂ ಮಾಡಿ ಸುಮ್ಮನೆ ನಿಲ್ಲಿಸಿದ್ದಾಗ ಗೇರ್‌ಬಾಕ್ಸಿನಿಂದ, ಡಬ್ಬಿಯಲ್ಲಿ ಕಡಲೆ ಅಲ್ಲಾಡಿಸಿದಂಥ ಸದ್ದು ಬಂತು. ಕಲಿತಂತೆ ನಿಲ್ಲಿಸಿದೆವು, ಬಿಚ್ಚಿದೆವು. ಒಳಗೆ ಒಂದು ಗೀರೂ ಇರಲಿಲ್ಲ. ಮರಳಿ ಜೋಡಿಸಲು ಮಾತ್ರ ಬರಲಿಲ್ಲ. ಕ್ಲಚ್ ಒತ್ತಿದರೆ ಆ ಸದ್ದು ನಿಲ್ಲುತ್ತದೆ, ಅದು ರೋಗವಲ್ಲ ಎಂದು ತಿಳಿದದ್ದು ಎರಡನೆಯ ಕಾರಿನಲ್ಲಿ. ಕಾರಿನ ಜೊತೆಗಿದ್ದ ಕೈಪಿಡಿಯಲ್ಲಿ ಹೊಸ ಕಾರನ್ನು ಪಳಗಿಸುವ ಕ್ರಮವೆಲ್ಲ ಇತ್ತು: ಮೊದಲ ಸಾವಿರದ ಆರುನೂರು ಕಿಲೋಮೀಟರು ಎಂಜಿನ್ನನ್ನು ದಣಿಸಬಾರದು, ಒಂದೇ ವೇಗದಲ್ಲಿ ಹೋಗುತ್ತಿರಬಾರದು, ಆಮೇಲೆ ಆಯಿಲ್ ಬದಲಿಸಬೇಕು. ಸದ್ದಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಬರೆಯುತ್ತಾರೆ?

ಕಾರು ನಡೆಸಿದವನು ನಮ್ಮ ತಂತ್ರಜ್ಞ ದಾವಲಸಾಬ ಗಡಾದ. ಇನ್ನೂರ ಹನ್ನೆರಡನೇ ಕಿಲೋಮೀಟರಿನಲ್ಲಿ, ಮೂರನೇ ಗೇರಿನಲ್ಲಿ, ಎಳೆದು ಕಟ್ಟಿದ ತಂತಿಯಂಥ ಸಣ್ಣ ಸ್ವರವೊಂದು ಎದ್ದಿತು. ವೇಗ ಏರಿದಂತೆ ಸ್ವರವೂ ಏರಿತು.

“ನಿಲ್ಲಸ್ತೀನ್ರಿ ಅಕ್ಕಾರ. ಇದೂ ಹೋದ್ರ ಮುಗೀತು.”

“ನಿಲ್ಲಿಸಿ ಏನ್ ಮಾಡ್ತೀ? ಮತ್ತ ಬಿಚ್ತೀ?” ಎಂದೆ.

ಅವನು ಎರಡನೇ ಗೇರಿಗೆ ಇಳಿಸಿ ಕಾರನ್ನು ಹಿಂದಕ್ಕೆ ತಿರುಗಿಸಿದ. ಓಡಿಸಿದರೆ ಮುರಿಯಬಹುದು, ಬಿಚ್ಚಿದರೆ ಖಂಡಿತ ಹೋಗುತ್ತದೆ. ಉಳಿದಿರುವುದು ಆ ಕಾರೊಂದೇ.

ಸದ್ದುವರದಿಯಿಂದ ವಿನಾಯಿತಿ ಪಡೆದ ಯಂತ್ರ ನಮ್ಮೂರಲ್ಲಿ ಒಂದೇ, ಬೆಟಗೇರಿಯ ಕೈಮಗ್ಗ. ಅದರಲ್ಲಿ ನೇಯುವ ಎಪ್ಪತ್ತೆಂಟರ ಅಂಬುಬಾಯಿ ಬಾಕಳೆಯವರನ್ನು ಮರುದಿನ ಕರೆತಂದೆವು. ಅವರು ಮುಂದೆ ಕುಳಿತು, ಚಪ್ಪಲಿ ಕಳಚಿ, ಬರಿಗಾಲನ್ನು ಕಾರಿನ ತಳಕ್ಕೆ ಊರಿದರು. ನಾನು ಹಿಂದಿನ ಇಕ್ಕಟ್ಟಿನ ಸೀಟಿನಲ್ಲಿ ಮೊಣಕಾಲು ಮಡಚಿಕೊಂಡೆ. ಮೂರನೇ ಗೇರು ಸ್ವರ ತೆಗೆಯಿತು.

“ವೇಗದ ಪೆಡಲ್ ಒತ್ತು. ಬಿಡು. ಮತ್ತ ಒತ್ತು,” ಎಂದರು ಅಂಬುಬಾಯಿ. “ಮಗ್ಗಕ್ಕ ಹೊಸಾ ತುಳಿಯೂ ಹಲಿಗಿ ಹಾಕಿದ್ರ ತಿಂಗಳತನಾ ಹಿಂಗ ಅಳತೈತಿ, ತಮ್ಮಾ. ಕಾಲ್ ಇಟ್ರ ಅಳತೈತಿ, ತಗದ್ರ ಸುಮ್ನಾಗತೈತಿ. ಮುರಿಯೂವಂಥಾದ್ದು ಹಿಂಗ ಹೇಳಿದ್ದ ಕೇಳೂದಿಲ್ಲ.”

“ಖಾತ್ರಿ ಏನ್ರಿ ಅಮ್ಮಾರ?”

“ನಾ ಏನ್ ಇದನ್ನ ಹಡದೀನೇನು? ಓಡಸು, ನೋಡೂಣು!”

ಓಡಿಸಿದೆವು. ದಿನಕ್ಕೆ ಎಂಬತ್ತು ಕಿಲೋಮೀಟರು. ದಾವಲಸಾಬ ಪ್ರತಿ ಸಲ ಮೂರನೇ ಗೇರಿಗೆ ಬರುವಾಗ ಉಸಿರು ಹಿಡಿಯುತ್ತಿದ್ದ. ತಿರುವಿನಲ್ಲಿ ನಿಧಾನವಾಗಿ ಹೊರಳಿದರೆ ಹಿಂದಿನ ಆಕ್ಸಲ್ ನರಳುತ್ತಿತ್ತು. ಬಿಸಿಯಾದ ಮೇಲೆ ಸುಮ್ಮನಾಗುತ್ತಿತ್ತು. ಏಳುನೂರು ದಾಟಿದ ಮೇಲೆ ಮೂರನೇ ಗೇರಿನ ಸ್ವರ ದಿನದಿನಕ್ಕೆ ತೆಳುವಾಗತೊಡಗಿತು. ಮುನ್ನೂರು ವರ್ಷ ಒಂದರ ಪಕ್ಕ ಒಂದು ಸುಮ್ಮನಿದ್ದ ಉಕ್ಕಿನ ಹಲ್ಲುಗಳು ಈಗ ಪರಸ್ಪರ ಸವೆಸುತ್ತ ಒಂದಕ್ಕೊಂದು ಒಗ್ಗುತ್ತಿದ್ದವು, ಅದನ್ನು ನಮಗೆ ಕೇಳುವಂತೆ ಹೇಳುತ್ತಲೂ ಇದ್ದವು. ನಲವತ್ತು ವರ್ಷ ಯಂತ್ರಗಳ ನಡುವೆ ಕಳೆದವಳು ನಾನು. ಒಂದು ಯಂತ್ರ ತನ್ನ ಕೆಲಸ ಕಲಿಯುವುದನ್ನು ಅದುವರೆಗೆ ಕೇಳಿರಲಿಲ್ಲ.

ನಿನ್ನೆ ಸಾವಿರದ ಆರುನೂರು ತುಂಬಿತು. ಗೇರ್‌ಬಾಕ್ಸಿನ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಸೋಸಿದೆವು. ಲೋಹದ ಚೂರು ಸಿಕ್ಕರೆ ಹಲ್ಲು ಮುರಿದಿದೆ ಎಂದರ್ಥ. ಬಟ್ಟೆಯ ಮೇಲೆ ಮಿನುಗುವ ಬೂದಿಯಂಥದ್ದು ಉಳಿಯಿತು. ಅಂಬುಬಾಯಿ ಅದನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದರು.

“ಹರಳಿಲ್ಲ. ಬರೇ ಪುಡಿ.”

ದಾವಲಸಾಬ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

ಈಗ ನನ್ನ ಕೋರಿಕೆ. ನಿಮ್ಮ ಹೊಸ ಕಾರಿನಲ್ಲಿ ಕೆಲವು ದಿನ ಹಾಡು ಹಾಕಬೇಡಿ. ಯಾವ ಗೇರಿನಲ್ಲಿ ಎಂಥ ಸದ್ದು, ಪೆಡಲ್ ಒತ್ತಿದಾಗ ಹೇಗೆ, ಬಿಟ್ಟಾಗ ಹೇಗೆ, ತಣ್ಣಗಿದ್ದಾಗ ಹೇಗೆ, ಕೇಳಿದ್ದನ್ನು ಕೇಳಿದಂತೆ ಕೈಪಿಡಿಯ ಖಾಲಿ ಪುಟಗಳಲ್ಲಿ ಬರೆದು ಕಾರಿನಲ್ಲೇ ಬಿಡಿ, ಮುಂದೆ ಅದನ್ನು ತೆರೆಯುವವರಿಗೆ ಸಿಗಲಿ. ಚೆಂದದ ಮಾತು ಬೇಡ. ಕಡಲೆ ಎಂದರೆ ಕಡಲೆ, ತಂತಿ ಎಂದರೆ ತಂತಿ. ನಾಳೆ ನಾವು ಮೊದಲ ಸಲ ವೇಗದ ಪೆಡಲನ್ನು ಪೂರ್ತಿ ಒತ್ತುತ್ತೇವೆ. ಆಗ ಏನು ಕೇಳಿಸಬೇಕು ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ನಿಮಗೆ ಗೊತ್ತಾಗಲಿದೆ.

ನಿಮ್ಮ
ಗುರುಸಿದ್ದವ್ವ ಹಂಚಿನಾಳ