ಹಸಿರು ಮಾಡಿ ಎಂದರೆ ಹಸಿರು ಬಣ್ಣ ಬಳಿದರು

ಮಾನ್ಯ ಇಂಧನ ಉಳಿತಾಯ ಅಧಿಕಾರಿಗಳೇ,

ನಮ್ಮ ಶಾಪಿಂಗ್ ಮಾಲ್‌ಗೆ ತಾವು ದಯಪಾಲಿಸಿರುವ ‘ಹಸಿರು ಕಟ್ಟಡ’ ಫಲಕವನ್ನು ದಯವಿಟ್ಟು ವಾಪಸು ತೆಗೆದುಕೊಂಡು ಹೋಗಿ. ಅದು ಗೋಡೆ ಏರಿದಾಗಿನಿಂದ ನನ್ನ ತಂಗಿಯ ಅಂಗಡಿ ಕರಗುತ್ತಿದೆ. ಇದು ಅಲಂಕಾರದ ಮಾತಲ್ಲ, ಅವಳು ಮಾರುವುದು ಮೇಣದಬತ್ತಿ.

ನಡೆದದ್ದಿಷ್ಟು. ಮಾಲುಗಳು ಕರೆಂಟು ಉಳಿಸಬೇಕು, ಹೊಗೆ ತಗ್ಗಿಸಬೇಕು, ಅದಕ್ಕಾಗಿ ‘ಕಟ್ಟಡಗಳನ್ನು ಹಸಿರಾಗಿಸತಕ್ಕದ್ದು’ ಎಂದು ತಮ್ಮ ಕಚೇರಿ ಆದೇಶ ಹೊರಡಿಸಿತು. ಆಜ್ಞಾಪಾಲನೆಯಲ್ಲಿ ನಮ್ಮ ಮ್ಯಾನೇಜರು ಎತ್ತಿದ ಕೈ. ಬೆಳ್ಳಗಿದ್ದ ತಾರಸಿಗೆ ಗಾಢ ಹಸಿರು ಬಣ್ಣ ಬಳಿಸಿಯೇಬಿಟ್ಟರು. “ಸಾರ್, ಬಿಳಿ ಇದ್ದಾಗ ಬಿಸಿಲು ವಾಪಸ್ ಹೋಗ್ತಿತ್ತು. ಈಗ ಅಷ್ಟನ್ನೂ ತಾರಸಿ ಕುಡೀತಿದೆ” ಎಂದೆ. “ಮೇಡಂ, ಆದೇಶದಲ್ಲಿ ಹಸಿರು ಅಂತಿದೆ. ಬಿಳಿ ಅಂತ ಎಲ್ಲಿದೆ ತೋರಿಸಿ” ಎಂದರು. ಎಲ್ಲಿಂದ ತೋರಿಸಲಿ? ತಮ್ಮ ತಪಾಸಣೆಯವರಾದರೂ ಹುಬ್ಬು ಗಂಟಿಕ್ಕಬಹುದೆಂದು ಕಾದೆ. ಅವರು ಬಂದರು, ಹಸಿರು ಕಂಡರು, ಫಲಕ ಕೊಟ್ಟು ಕೈಕುಲುಕಿ ಹೋದರು.

ನನ್ನ ಬ್ಯೂಟಿ ಪಾರ್ಲರು ನೆಲಮಹಡಿಯಲ್ಲಿ, ಹೆಬ್ಬಾಗಿಲ ಪಕ್ಕದಲ್ಲೇ ಇದೆ. ಮೇಲಿನ ಮಹಡಿ ಕಾದಷ್ಟೂ ಮ್ಯಾನೇಜರು ಎ.ಸಿ. ಜಾಸ್ತಿ ಮಾಡುತ್ತಾರೆ. ಇಡೀ ಕಟ್ಟಡಕ್ಕೆ ಇರುವುದು ಒಂದೇ ಯಂತ್ರ, ಹಾಗಾಗಿ ತಂಪೆಲ್ಲ ಕೆಳಗಿಳಿದು ನನ್ನ ಮೇಲೆ ಬೀಳುತ್ತದೆ. ಮೊನ್ನೆ ಗಿರಾಕಿಯೊಬ್ಬರು, “ತಲೆ ಒಣಗಿತು, ಇನ್ನು ಆ ಡ್ರೈಯರ್ ಸ್ವಲ್ಪ ಕೈಗೂ ಹಿಡಿಯಮ್ಮ” ಎಂದರು. ಹಿಡಿದೆ. ಎ.ಸಿ.ಯ ಚಳಿಗೆ ಡ್ರೈಯರಿನ ಕಾವು! ಎರಡಕ್ಕೂ ಎಲ್ಲೋ ಕಲ್ಲಿದ್ದಲು ಸುಡುತ್ತಿರಬೇಕಲ್ಲವೇ? ಇನ್ನು ಹೆಬ್ಬಾಗಿಲನ್ನು ದಿನವಿಡೀ ತೆರೆದೇ ಇಟ್ಟಿರುತ್ತಾರೆ. ಮುಚ್ಚಿದರೆ ಗಿರಾಕಿಗಳು ಬೇಜಾರು ಮಾಡಿಕೊಳ್ಳುತ್ತಾರಂತೆ. ರಸ್ತೆಯ ನಾಯಿಗಳು ಮಾತ್ರ ತುಂಬಾ ಸಂತೋಷವಾಗಿವೆ, ಹೊಸ್ತಿಲ ಹೊರಗೆ ಸಾಲಾಗಿ ಮಲಗಿರುತ್ತವೆ.

ಈಗ ಮೇಲಿನ ಮಹಡಿಗೆ ಬನ್ನಿ. ಮಧ್ಯಾಹ್ನವಾದರೆ ತಂಗಿಯ ಬತ್ತಿಗಳು ಒಂದೊಂದಾಗಿ ಸೊಂಟ ಬಗ್ಗಿಸುತ್ತವೆ. ಗುಲಾಬಿ ಆಕಾರದ್ದು ಎಲೆಕೋಸಾಗುತ್ತದೆ. “ಅಕ್ಕಾ, ಹಚ್ಚೋಕೆ ಮುಂಚೇನೇ ಕರಗಿಹೋದ್ರೆ ಯಾರು ಕೊಳ್ತಾರೆ?” ಎಂದು ಮೊದಮೊದಲು ನಗುತ್ತಿದ್ದಳು. ಈಗ ನಗುವುದಿಲ್ಲ. ಊರಾಚೆ ಬೇರೆ ಅಂಗಡಿ ನೋಡಿಕೊಂಡು ಬಂದಿದ್ದಾಳೆ, ತಿಂಗಳ ಕೊನೆಗೆ ಖಾಲಿ ಮಾಡುತ್ತಾಳಂತೆ.

ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂದು ನಿಮ್ಮನ್ನು ಬೈಯೋಣವೆಂದರೆ, ನಮಗೆ ಬೇಕಾದದ್ದು ಆ ಸುಣ್ಣವೇ! ಹಾಗಾಗಿ ನೇರವಾಗಿ ಕೇಳುತ್ತೇನೆ. ತಾರಸಿಗೆ ಮತ್ತೆ ಬಿಳಿ ಬಳಿಸಿ. ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಹಾಕಿಸಿ. ಮುಂದಿನ ಆದೇಶದಲ್ಲಿ ‘ಹಸಿರು’ ಎಂದರೆ ಬಣ್ಣವಲ್ಲ ಎಂದು ಒಂದು ಸಾಲು ಸೇರಿಸಿ. ಅದನ್ನೂ ದಪ್ಪಕ್ಷರದಲ್ಲಿ ಹಾಕಿಸಿ, ನಮ್ಮ ಮ್ಯಾನೇಜರು ಓದಬೇಕು.

ಇದೆಲ್ಲ ಈ ತಿಂಗಳೊಳಗೇ ಆಗಬೇಕು. ಅವಸರವೇಕೆಂದು ಕೇಳುತ್ತೀರೇನೋ. ನಾವಿಬ್ಬರೂ ಮದುವೆಯಾಗಿ ಊರಿನ ಆ ತುದಿಗೊಬ್ಬಳು ಈ ತುದಿಗೊಬ್ಬಳು ಸೇರಿದವರು. ದಿನಾ ಒಬ್ಬರ ಮುಖ ಒಬ್ಬರು ನೋಡುವುದು ಈ ಕಟ್ಟಡದಲ್ಲಿ ಮಾತ್ರ. ಮಧ್ಯಾಹ್ನ ಡಬ್ಬಿ ಹಿಡಿದು ಮೇಲೆ ಹೋಗುತ್ತೇನೆ, ಆ ಬಿಸಿಯಲ್ಲೇ ಕೂತು ಇಬ್ಬರೂ ಹಂಚಿಕೊಂಡು ಉಣ್ಣುತ್ತೇವೆ. ಅವಳು ಹೋದ ಮೇಲೆ ನೀವು ತಾರಸಿಯನ್ನು ಹಾಲಿನಷ್ಟು ಬೆಳ್ಳಗೆ ಮಾಡಿಸಿದರೂ, ಡಬ್ಬಿ ಹಿಡಿದು ಮೇಲೆ ಹತ್ತಲು ನನಗೆ ಕಾರಣವಿರುವುದಿಲ್ಲ.

ಇಂತಿ,
ಸ್ವೆಟರ್ ತೊಟ್ಟು ಇದನ್ನು ಬರೆದ,
ಮೇಣದಬತ್ತಿಯವಳ ಅಕ್ಕ