ಸುಳ್ಳು ಬಿಟ್ಟ ಇಪ್ಪತ್ತು ದಿನ

೧೪ನೇ ತಾರೀಖು, ಮಂಗಳವಾರ

ನನ್ನ ಪಂಡಿತೆ ಮೊಮ್ಮಗಳಿಗೆ,

ನಿನ್ನ ಅಜ್ಜಿ ಇನ್ನೂ ಗಟ್ಟಿಯಾಗಿದ್ದಾಳೆ, ನಾಲಿಗೆ ಅದಕ್ಕಿಂತ ಗಟ್ಟಿ. ನೀನು ಬರೆದ ತತ್ವಶಾಸ್ತ್ರದ ಪುಸ್ತಕ ಬಂದು ಎರಡು ತಿಂಗಳಾಯಿತು. ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ನಿನ್ನ ಒಂದು ಒತ್ತಕ್ಷರ ಬಾಯಲ್ಲಿ ಕರಗುವಷ್ಟರಲ್ಲಿ ಅಂಗಡಿಯಲ್ಲಿ ಎರಡು ಅಂಗಿ ಮಡಿಸಿಡುತ್ತೇನೆ.

ಹನ್ನೊಂದು ಪುಟ ಏನೂ ತಲೆಗೆ ಹತ್ತಲಿಲ್ಲ. ಹನ್ನೆರಡನೆಯದರಲ್ಲಿ ‘ತತ್ವವನ್ನು ಓದಿ ಮುಚ್ಚಿಡಬೇಡಿ, ಒಂದನ್ನಾದರೂ ಹಿಡಿದು ಬದುಕಿ ನೋಡಿ’ ಎಂದಿದ್ದೀಯಲ್ಲ, ಅಲ್ಲಿಗೆ ಪುಸ್ತಕ ಮುಚ್ಚಿದೆ. ಸುಳ್ಳು ಹೇಳಬಾರದು ಎಂಬ ಒಂದನ್ನು ಹಿಡಿದೆ. ಸುಲಭದ್ದು ಎಂದುಕೊಂಡಿದ್ದೆ, ನನ್ನ ತಲೆ!

ಇಸ್ತ್ರಿ ಅಂಗಡಿಯಲ್ಲಿ ಸತ್ಯ ಎಷ್ಟು ದಿನ ಬಾಳುತ್ತದೆ? ಮೊದಲ ದಿನವೇ ಬ್ಯಾಂಕಿನವರು ಬಂದು, “ಅಜ್ಜಿ, ನನ್ನ ಪ್ಯಾಂಟು ಆಯ್ತಾ?” ಎಂದರು. ಯಾವಾಗಲೂ ‘ಇಗೋ, ಮೇಜಿನ ಮೇಲೇ ಇದೆ’ ಎನ್ನುವವಳು, “ಇನ್ನೂ ಗಂಟೇ ಬಿಚ್ಚಿಲ್ಲ ಕಣಪ್ಪಾ,” ಎಂದೆ. ನರ್ಸಮ್ಮನ ಕೋಟಿನ ಕಾಲರು ಸುಟ್ಟಿದ್ದು ನಾನೇ ಎಂದೂ ಒಪ್ಪಿಕೊಂಡೆ. ನಿಮ್ಮಮ್ಮ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, “ಅಮ್ಮಾ, ನಿನ್ನ ಸತ್ಯ ಇನ್ನೊಂದು ವಾರ ನಡೆದ್ರೆ ನಾವಿಬ್ರೂ ಅಂಗಡಿ ಮುಚ್ಚಿ ಸತ್ಯಾನೇ ಉಣ್ಬೇಕು!” ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಗು ನಿಂತ ಮೇಲೆ ಅವಳು, “ಮಗಳು ಬರೆದ ಪುಸ್ತಕದ ಹೆಸರೂ ನಂಗೆ ಅರ್ಥ ಆಗಲ್ಲ. ಬಿಡು, ನಾನು ಮೊದ್ಲಿಂದ್ಲೂ ದಡ್ಡಿ. ಟೀಚರೇ ಬೇಡ ಅಂದ್ರಲ್ಲ,” ಎಂದಳು. ನಲವತ್ತು ವರ್ಷದಿಂದ ಕೇಳುತ್ತಿರುವ ಮಾತು. ಅವತ್ತು ಮಾತ್ರ ನನ್ನ ಕೈ ಅಂಗಿಯ ಮೇಲೇ ನಿಂತಿತು.

ಅವಳಿಗೆ ಹದಿಮೂರು ತುಂಬಿದಾಗ ಟೀಚರು ನಮ್ಮ ಮನೆಗೇ ಬಂದಿದ್ದರು. ಹಾಸ್ಟೆಲ್ ಶಾಲೆಗೆ ಇಡೀ ಕ್ಲಾಸಿನಲ್ಲಿ ಇವಳೊಬ್ಬಳನ್ನೇ ಆರಿಸಿದ್ದೇವೆ, ಕಳಿಸಿ ಎಂದರು. ನಿಮ್ಮಜ್ಜ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಆಗಿನ ಕೆಂಡದ ಇಸ್ತ್ರಿಪೆಟ್ಟಿಗೆ ಎತ್ತಲು ನನಗೆ ಇನ್ನೆರಡು ಕೈ ಬೇಕಿತ್ತು. ‘ಅವಳಿಗೇ ಇಷ್ಟವಿಲ್ಲ’ ಎಂದು ಟೀಚರಿಗೆ ಹೇಳಿದೆ. ‘ಬೇರೆ ಹುಡುಗಿಯನ್ನು ಆರಿಸಿದರಂತೆ, ನೀನು ಸಾಲದಂತೆ’ ಎಂದು ಇವಳಿಗೆ ಹೇಳಿದೆ. ಒಂದೇ ಮಧ್ಯಾಹ್ನ, ಎರಡು ಸುಳ್ಳು.

ಹತ್ತೊಂಬತ್ತು ದಿನ ಅದನ್ನು ಗಂಟಲಲ್ಲೇ ಇಟ್ಟುಕೊಂಡು ಓಡಾಡಿದೆ. ನಿನ್ನೆ ಹೇಳಿಬಿಟ್ಟೆ. ಅವಳು ಬೈಯಲಿಲ್ಲ. ಪ್ಲಗ್ ಕಿತ್ತು, ಕೈಯಲ್ಲಿದ್ದ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಇವತ್ತು ಅಂಗಡಿ ತೆರೆದಿದ್ದಾಳೆ, ನನ್ನ ಜೊತೆ ಮಾತಿಲ್ಲ. ಈ ವಾರ ಅವಳಿಗೆ ಫೋನು ಮಾಡು. ತತ್ವ ಹೇಳಬೇಡ, ಅವಳು ಹೇಳಿದ್ದನ್ನು ಕೇಳು.

ನಿನಗೆ ಒಳ್ಳೆಯದಾಗಲಿ, ಪುಟ್ಟಿ. ನಿನ್ನ ಪ್ರಶ್ನೆಗಳಿಗೆ ಉತ್ತರ ಸಿಗಲಿ; ಸಿಗದಿದ್ದರೆ ಹೊತ್ತಿಗೆ ಸರಿಯಾಗಿ ನಿದ್ದೆಯಾದರೂ ಬರಲಿ.

ನಿನ್ನ ನಾಲ್ಕನೇ ಕ್ಲಾಸಿನ ಅಜ್ಜಿ

ತಾಜಾ ಕಲಂ: ಇದನ್ನು ಮೇಲೆ ಬರೆಯಲು ಮರೆತೆ ಎನ್ನಹೊರಟಿದ್ದೆ, ಅದೂ ಸುಳ್ಳು. ಬರೆಯಲು ಕೈ ಬರಲಿಲ್ಲ. ಗುಂಡಿ ಹಾಕಿ ಮುಗಿಸಿದ ಮೇಲೆ ಅವಳು ಒಂದೇ ಒಂದು ಕೇಳಿದಳು: “ಟೀಚರು ನನ್ನ ಬಗ್ಗೆ ಏನಂದ್ರು ಅಮ್ಮಾ? ಅವರ ಮಾತಲ್ಲೇ ಹೇಳು.” ಹೊಗಳಿದ್ದರು ಪುಟ್ಟಿ, ಬಹಳ ಹೊತ್ತು ಹೊಗಳಿದ್ದರು. ಕಳಿಸುವುದಿಲ್ಲ ಎಂದು ಮೊದಲೇ ನಿಶ್ಚಯಿಸಿಕೊಂಡು ಕೂತಿದ್ದ ನಾನು ಒಂದು ಮಾತನ್ನೂ ಕಿವಿಗೆ ಹಾಕಿಕೊಂಡಿರಲಿಲ್ಲ. ಇವಳು ಮಗುವಿನ ಹಾಗೆ ನನ್ನ ಬಾಯನ್ನೇ ನೋಡುತ್ತ ನಿಂತಿದ್ದಳು. ನಾಲ್ಕು ಒಳ್ಳೆಯ ಮಾತು ಕಟ್ಟಿ ಹೇಳಲು ನನಗೆಷ್ಟು ಹೊತ್ತು?

“ನಾನು ಕೇಳಿಸ್ಕೊಳ್ಳಲೇ ಇಲ್ಲ ಮಗಳೇ,” ಎಂದೆ.