ಸೀಲು ಬಿದ್ದ ಪುಸ್ತಕಗಳು

ನನ್ನ ಧನುಶ್ರೀ,

ಹೇಗಿದ್ದೀಯೆ ಎಂದು ಕೇಳುವ ಮುಖ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಹೊರಟರೆ ನೀನು ‘ಪರ್ವಾಗಿಲ್ಲ ಬಿಡಿ ಮೇಡಂ’ ಅಂದುಬಿಡುತ್ತೀಯೆ, ನಾನೂ ಅಷ್ಟಕ್ಕೇ ಸುಮ್ಮನಾಗಿಬಿಡುತ್ತೇನೆ.

ನಿನ್ನ ಎರಡನೇ ವರ್ಷದ ಫೀಸನ್ನು ನಮ್ಮ ಲೈಬ್ರರಿ ಕೋರ್ಸಿನ ಹಳೆಯ ವಿದ್ಯಾರ್ಥಿಗಳ ಸಂಘ ಕಟ್ಟುತ್ತದೆ ಎಂದು ಸೋಲದೇವನಹಳ್ಳಿಯ ಕಾಲೇಜಿನಲ್ಲಿ ಎಲ್ಲರ ಮುಂದೆ ಮೈಕ್ ಹಿಡಿದು ಹೇಳಿದವಳು ನಾನೇ, ಸಂಘದ ಕಾರ್ಯದರ್ಶಿ. ಅಂದು ನಿನ್ನ ಅಮ್ಮ ಯಲ್ಲಮ್ಮ ಮನೆಗೆಲಸಕ್ಕೆ ರಜೆ ಹಾಕಿ ಬಂದಿದ್ದರು. ನನ್ನ ಕೈ ಹಿಡಿದು, ‘ನನ್ ಮಗ್ಳನ್ನ ನಿಮ್ ಮಡ್ಲಿಗ್ ಆಕಿವ್ನಿ ಕಣಮ್ಮ’ ಎಂದರು. ಆ ಮಾತು ಈಗಲೂ ಚುಚ್ಚುತ್ತದೆ.

ಲೈಬ್ರರಿಯನ್‌ಗಳಿಂದ ದುಡ್ಡು ಎತ್ತುವುದೆಂದರೆ ಕಲ್ಲಿನಲ್ಲಿ ನಾರು ತೆಗೆದಂತೆ. ಅವರನ್ನು ಬೈಯಲಾರೆ, ಅರ್ಧ ಜನ ಗುತ್ತಿಗೆಯ ಮೇಲಿದ್ದಾರೆ, ಸಂಬಳ ಬಂದಾಗ ಬಂತು. ವಾಟ್ಸಾಪ್‌ನಲ್ಲಿ ನಿನ್ನ ವಿಷಯ ಹಾಕಿದೆ. ಕೈಮುಗಿದ ಚಿತ್ರಗಳು ರಾಶಿ ಬಿದ್ದವು. ಆಮೇಲೆ ದುಡ್ಡಿನ ಬದಲು ಪುಸ್ತಕಗಳು ಬರತೊಡಗಿದವು. ಪಾಪ, ಮನೆಯಲ್ಲಿದ್ದ ಒಳ್ಳೆಯ ಪುಸ್ತಕಗಳನ್ನೇ ಕೊಟ್ಟರು. ಸಹಕಾರನಗರದ ನಮ್ಮ ಮನೆಯ ಹಾಲಿನಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು.

ಅಮೃತಹಳ್ಳಿಯ ಲಕ್ಕಣ್ಣನವರು ಅಷ್ಟನ್ನೂ ಕೊಳ್ಳಲು ಒಪ್ಪಿದ್ದರು. ತಮ್ಮ ಹೊಲದಲ್ಲಿ ಎಬ್ಬಿಸಿದ ಹೊಸ ಅಪಾರ್ಟ್‌ಮೆಂಟಿನಲ್ಲಿ ಒಂದು ಲೈಬ್ರರಿ ಕೋಣೆ ಮಾಡಿಸಿದ್ದರು, ಕಪಾಟುಗಳು ಖಾಲಿ ಇದ್ದವು. ಅವರು ಕೊಡುತ್ತೇನೆಂದ ಹಣ ನಿನ್ನ ಫೀಸಿಗೆ ಸರಿಹೋಗುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಹೇಗೆ ಅಂತೀಯಾ? ನಗು ಬಂದರೆ ನಕ್ಕುಬಿಡು. ಪುಸ್ತಕ ಜೋಡಿಸಲು ಹಳಬರೆಲ್ಲ ನಮ್ಮ ಮನೆಗೆ ಬಂದರು. ಅಧ್ಯಕ್ಷರಾದ ವೀರಬಸಪ್ಪ ಸರ್ ಚೀಲದಿಂದ ಸಂಘದ ಸೀಲು, ಇಂಕ್ ಪ್ಯಾಡು ತೆಗೆದರು. ‘ಸೀಲ್ ಇಲ್ದಿರೋ ಪುಸ್ತಕ ಅನಾಥ ಇದ್ದಂಗೆ ಕಣ್ರೀ, ಮೊದ್ಲು ಅದನ್ನ ಮುಗ್ಸೋಣ’ ಎಂದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಜೀವಮಾನವೆಲ್ಲ ಅದನ್ನೇ ಮಾಡಿದ ಕೈಗಳು. ಮೊದಲ ಪುಟ, ಕೊನೆಯ ಪುಟ, ನಡುವೆ ಒಂದು ಗುಟ್ಟಿನ ಪುಟ, ಕದ್ದವನು ಮೊದಲ ಪುಟ ಹರಿದರೂ ಸಿಕ್ಕಿಬೀಳಲೆಂದು. ಹರಟೆ ಹೊಡೆಯುತ್ತ, ಚುರುಮುರಿ ತಿನ್ನುತ್ತ ಎಲ್ಲಕ್ಕೂ ಒತ್ತಿದೆವು. ನಾನೂ ಒತ್ತಿದೆ. ಬಹಳ ದಿನಗಳ ಮೇಲೆ ಎಷ್ಟು ಸಂತೋಷವಾಗಿತ್ತು ಗೊತ್ತೆ?

ಲಕ್ಕಣ್ಣನವರು ಬಂದು ಒಂದು ಪುಸ್ತಕ ತೆರೆದರು, ಇನ್ನೊಂದು ತೆರೆದರು. ‘ಏನ್ ಮೇಡಮ್ಮೋರೆ, ಎಲ್ಲಾದ್ಕೂ ಇಂಗೆ ಸೀಲ್ ಒತ್ತಿದ್ದೀರಲ್ಲ! ಕೋಟಿ ಕೊಟ್ಟು ಮನೆ ತಗೊಂಡೋರು, ಯಾವ್ ಲೈಬ್ರರಿಯಿಂದ ಎತ್ಕೊಂಬಂದೆ ಲಕ್ಕಣ್ಣ ಅಂತ ನನ್ನ ಕೇಳಲ್ವಾ?’ ರಸೀದಿ ಕೊಡುತ್ತೇನೆ, ಪತ್ರ ಕೊಡುತ್ತೇನೆ ಎಂದು ಗೋಗರೆದೆ. ಅವರು ಕೆಟ್ಟವರಲ್ಲ, ಕಾಫಿ ಕುಡಿದು, ಬೇಜಾರು ಮಾಡ್ಕೋಬೇಡಿ ಎಂದು ಹೇಳಿಯೇ ಹೋದರು. ಹಳೆ ಪುಸ್ತಕದ ಅಂಗಡಿಯವರೂ ಸೀಲು ನೋಡಿ ಬೇಡವೆಂದರು. ವೀರಬಸಪ್ಪ ಸರ್ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು. ಫೀಸಿನ ಕೊನೆಯ ದಿನ ದಾಟಿತು.

ಆಮೇಲೆ ನೀನು ಯಲಹಂಕದಲ್ಲಿ ಮನೆಮನೆಗೆ ದಿನಸಿ ಕಳಿಸುವ ಗೋದಾಮಿಗೆ ಕೆಲಸಕ್ಕೆ ಸೇರಿದೆ. ನಾನು ನೋಡಲು ಬಂದಾಗ ನೀನು, ‘ಇಲ್ಲೂ ರ‍್ಯಾಕ್ ನಂಬರ್ ಇದೆ ಮೇಡಂ, ಎಲ್ರಿಗಿಂತ ನಾನೇ ಬೇಗ ಹುಡುಕ್ತೀನಿ’ ಎಂದು ನಕ್ಕೆ. ಹೊರಡುವಾಗ ಗೇಟಿನ ಬಳಿ, ‘ಮುಂದಿನ್ ವರ್ಷ ಸೇರ್ಬಹುದಲ್ವಾ?’ ಎಂದು ನೀನು ಕೇಳಿದೆ. ಆಗುತ್ತೆ ಕಣೇ, ನಾನಿದೀನಿ ಎಂದೆ.

ಅದಕ್ಕೇ ಈ ಪತ್ರ. ನಿನ್ನೆ ಕಾಲೇಜಿನಿಂದ ಹೇಳಿಕಳಿಸಿದರು. ನೀನು ಬಿಟ್ಟ ಮೇಲೆ ತರಗತಿಯಲ್ಲಿ ಉಳಿದವಳು ಸಂಯುಕ್ತಾ ಒಬ್ಬಳೇ. ಅವಳ ಪರೀಕ್ಷೆ ಮುಗಿದರೆ ನಮ್ಮ ಕೋರ್ಸನ್ನೇ ಮುಚ್ಚುತ್ತಾರಂತೆ. ಮುಂದಿನ ವರ್ಷ ನೀನು ಸೇರಲು ಅಲ್ಲಿ ಏನೂ ಇರುವುದಿಲ್ಲ. ಬೇರೆ ಕಾಲೇಜಿನ ಫೀಸು ನಮ್ಮ ಸಂಘಕ್ಕೆ ಎಟುಕುವಂಥದ್ದಲ್ಲ. ಓದಿಗೆಂದು ನೀನು ಸಂಬಳದಲ್ಲಿ ಉಳಿಸುತ್ತಿದ್ದೀಯೆ ಎಂದು ಯಲ್ಲಮ್ಮ ಹೇಳಿದರು. ಆ ದುಡ್ಡನ್ನು ನಮ್ಮನ್ನು ನಂಬಿ ಇಟ್ಟುಕೊಳ್ಳಬೇಡ. ಅಮ್ಮನ ಮಂಡಿನೋವಿಗೆ ಡಾಕ್ಟರಿಗೆ ತೋರಿಸು. ನೀನೂ ಒಂದು ಒಳ್ಳೆಯ ಚಪ್ಪಲಿ ತಗೋ, ದಿನವಿಡೀ ನಿಂತೇ ಇರುತ್ತೀಯೆ.

ಕಾಯಬೇಡ ಮಗಳೇ. ದೇವರು ನಿನ್ನ ಕಾಲಿಗೆ ಬಲ ಕೊಡಲಿ. ಅದಕ್ಕಿಂತ ದೊಡ್ಡದನ್ನು ನಿನಗಾಗಿ ಬೇಡಿಕೊಳ್ಳುವ ಧೈರ್ಯ ನನಗೀಗ ಇಲ್ಲ.

ನಿನಗೆ ಮಾತು ಕೊಟ್ಟಿದ್ದ,
ರಾಧಾಮಣಿ ಮೇಡಂ